ಶಶಿರೇಖಾಳ ಕಾರಿಗೆ ಐದನೆಯವನು

ಶಿಕಾರಿಪುರದಲ್ಲಿ ಶಶಿರೇಖಾಳ ಬಾಯಿಗೆ ಹೆದರದವರು ಕಡಿಮೆ. ಹುಟ್ಟಿನಿಂದ ಬಂದ ಬಾಯಿಯಲ್ಲ ಅದು. ಬಂದಳಿಕೆಯಿಂದ ಮದುವೆಯಾಗಿ ಬಂದಾಗ ಅವಳು ಮಾತಾಡಿದ್ದು ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲ. ಗಂಡ ಮಾಲತೇಶ ಬೆನ್ನುನೋವಿನಿಂದ ಸ್ಟೇರಿಂಗ್ ಮುಂದೆ ಕೂರಲಾರದಂತಾದಾಗ ಅವನ ಕಾರನ್ನು ಇವಳು ಹಿಡಿದಳು. ಬಾಯಿಯೂ ಆಗಲೇ ಬಂತು. "ಹೆಣ್ಮಗಳು ಇಲ್ಲಿ ಬಂದು ನಿಂತ್ರೆ ನಮ್ ಮರ್ಯಾದಿ ಏನಾಗ್ಬೇಕು?" ಎಂದು ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರು ಅವಳಿಗೆ ಜಾಗ ಕೊಡಲಿಲ್ಲ. ಅವರ ಮರ್ಯಾದೆಗಿಷ್ಟು ಬೆಂಕಿ ಹಾಕ! ಮೊಬೈಲಿನಲ್ಲಿ ಕಾರು ಬುಕ್ ಮಾಡುವ ಆ್ಯಪ್ ಒಂದು ಆಗಷ್ಟೇ ಊರಿಗೆ ಕಾಲಿಟ್ಟಿತ್ತು. ಅದಕ್ಕೆ ಸೇರಿಕೊಂಡಳು. ಬಾಡಿಗೆ ಸಿಗಲು ಅವಳಿಗಿದ್ದ ದಾರಿ ಅದೊಂದೇ.

ಆ್ಯಪ್ ಬಂತು ಸರಿ, ಹತ್ತುವವರಿಗೆ ರೀತಿ ನೀತಿ ಬರಬೇಡವೆ? ಎಲೆಯಡಿಕೆ ಉಗಿದು ಬಾಗಿಲೆಲ್ಲ ಕೆಂಪು ಮಾಡಿದವರಿದ್ದರು. ಕಾರನ್ನು ಮನೆಮುಂದೆ ಕಾಯಿಸಿ ಸ್ನಾನಕ್ಕೆ ಹೋದ ಮಹಾನುಭಾವರಿದ್ದರು. ಒಂದು ಮಾತು ಆಡಿದಳೋ, ಇಳಿದವರೇ ಆ್ಯಪಿನಲ್ಲಿ ಐದಕ್ಕೆ ಒಂದೇ ಸ್ಟಾರ್ ಒತ್ತಿ ಸೇಡು ತೀರಿಸಿಕೊಳ್ಳುವರು. ಆ ದಿನ ಬೆಳಿಗ್ಗೆ ಕಂಪನಿಯಿಂದ ಮೆಸೇಜ್ ಬಂದಿತ್ತು. ಇನ್ನೊಂದು ಸಲ ಒಂದು ಸ್ಟಾರ್ ಬಿದ್ದರೆ ಅವಳ ಖಾತೆ ಬಂದ್. ಇವತ್ತು ಏನಾದರೂ ಆಗಲಿ, ಬಾಯಿ ಬಿಡುವುದಿಲ್ಲ ಎಂದುಕೊಂಡೇ ಅವಳು ಕಾರು ತೆಗೆದಳು.

ಸಿಕ್ಕವನು ಉಚ್ಚಂಗಪ್ಪ. ಜಮೀನು, ಟ್ರ್ಯಾಕ್ಟರ್, ತಾಲ್ಲೂಕಿನ ತುಂಬ ನೆಂಟರು ಇರುವ ಮನುಷ್ಯ. ಹೆಂಡತಿ ಬಸಕ್ಕನನ್ನು ಕರೆದುಕೊಂಡು ಸೊರಬಕ್ಕೆ, ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದ. ಮಗ ಅಪ್ಪನ ಫೋನಿನಲ್ಲೇ ಬುಕ್ ಮಾಡಿಕೊಟ್ಟಿದ್ದ. ಮುಂದಿನ ಸೀಟಿನಲ್ಲಿ ಕೂತವನೇ ಕೊಟ್ಟಿಗೆ ಬಾಗಿಲು ಬಡಿದಂತೆ ಬಾಗಿಲು ಬಡಿದ. ಶಶಿರೇಖಾ ನುಂಗಿಕೊಂಡಳು.

ಈ ಕಡೆ ಒಂದು ಪದ್ಧತಿ ಉಂಟು. ಕಾರು ಮಾಡಿಕೊಂಡು ಹೋಗುವವನು, ದಾರಿಯಲ್ಲಿ ಪರಿಚಯದವರು ಕೈ ಮಾಡಿದರೆ ನಿಲ್ಲಿಸಲೇಬೇಕು. ಕಂಡೂ ಕಾಣದಂತೆ ಹೋದನೆಂದರೆ ಆ ಮಾತು ಅವನ ಮೊಮ್ಮಕ್ಕಳ ಮದುವೆಯಲ್ಲೂ ಏಳುತ್ತದೆ. ಆ್ಯಪ್ ಕಾರಿಗೂ ಅದೇ ನ್ಯಾಯ ಎಂದುಕೊಂಡಿದ್ದ ಉಚ್ಚಂಗಪ್ಪ. ಊರು ದಾಟುತ್ತಲೇ ಜಟ್ಟಪ್ಪನನ್ನು ಹತ್ತಿಸಿದ. ಮುಂದೆ ಲೋಕಮ್ಮ, ಅವಳ ಜೊತೆಗೊಂದು ಕುಂಬಳಕಾಯಿ ಚೀಲ. ಕಾರಿಗೆ ನಾಲ್ವರೇ ಲೆಕ್ಕ, ನಾಲ್ವರಾದರು. ಶಶಿರೇಖಾ ಆಗಲೂ ಬಾಯಿ ಬಿಡಲಿಲ್ಲ. ತಾಳಗುಂದದ ಕ್ರಾಸ್‌ನಲ್ಲಿ ಸುಬ್ಬಪ್ಪ ಕೈ ಮಾಡಿದ.

"ಏ, ನಿಲ್ಸು ನಿಲ್ಸು! ನಮ್ ಬೀಗ್ರು!"

ಅವಳು ನಿಲ್ಲಿಸಿದಳು. "ಅಣ್ಣಾರೆ, ಜಾಗ ಇಲ್ರೀ. ಐದನೇರನ್ನ ಹತ್ತಿಸ್ಕಂಡು ಪೊಲೀಸ್ರ ಕೈಗೆ ಸಿಕ್ರೆ ಅನುಭವ್ಸೋಳು ನಾನು."

"ಸರ್ಕಂಡು ಕೂತ್ರೆ ಆತು. ಕಾರ್ ಮಾಡಿದ್ದು ನಾನು ತಂಗಿ, ನೀನು ಓಡ್ಸದು ನೋಡು."

ಸುಬ್ಬಪ್ಪ ಆಗಲೇ ಹಿಂದಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಿದ್ದ. ಶಶಿರೇಖಾ ಎಂಜಿನ್ ಆರಿಸಿ ಕೀ ಕಿತ್ತುಕೊಂಡಳು.

"ಮಾಡಿದ್ದು ನೀವು, ಕಾರು ನಂದು. ಅವರು ಹತ್ತಬೇಕಂದ್ರೆ ನಿಮ್ಮಲ್ಲಿ ಒಬ್ರು ಇಳೀರಿ."

"ಅಯ್ಯಯ್ಯ, ಬೀಗ್ರ ಮುಂದೆ ಮಾನ ತೆಗೆದ್ಲಲ್ರೀ!" ಎಂದಳು ಬಸಕ್ಕ.

ಉಚ್ಚಂಗಪ್ಪನ ಮುಖ ಕೆಂಪಾಯಿತು. "ಒಂದು ಸ್ಟಾರ್ ಒತ್ತಿದ್ರೆ ನಿಮ್ಮಂತೋರೆಲ್ಲ ಮನೀಗೆ ಹೋಗ್ತೀರಿ ಅಂತ ನಮ್ ಹುಡುಗ ಹೇಳ್ಯಾನೆ. ಸುಮ್ನೆ ತಪ್ಪಾತು ಅನ್ನು, ನಡಿ ಮುಂದೆ."

ತಪ್ಪಾತು ಅನ್ನಬೇಕಂತೆ! ಶಶಿರೇಖಾಳ ಮೈ ಉರಿದುಹೋಯಿತು. ಯಾರ ತಪ್ಪಿಗೆ? ತನ್ನ ಮೊಬೈಲಿನಲ್ಲಿ ಟ್ರಿಪ್ ಮುಗಿಸಿಯೇಬಿಟ್ಟಳು. "ಇಳೀರಿ ಎಲ್ರೂ."

ಉಚ್ಚಂಗಪ್ಪನ ಫೋನಿನಲ್ಲಿ, ಎಷ್ಟು ಬೇಕೋ ಅಷ್ಟು ಒತ್ತಿ ಎಂದು ಐದು ಖಾಲಿ ಸ್ಟಾರ್‌ಗಳು ಮೂಡಿದವು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಫೋನನ್ನು ಹತ್ತಿರ ಹಿಡಿದ, ದೂರ ಹಿಡಿದ, ಏನೂ ಕಾಣಲಿಲ್ಲ. ಕೊನೆಗೆ ಅವಳ ಮುಂದೆಯೇ ಚಾಚಿದ. "ಒಂದು ಸ್ಟಾರ್ ಎಲ್ಲಿ ಐತಿ? ನೀನೇ ತೋರ್ಸು."

ಶಶಿರೇಖಾ ಫೋನು ತಗೊಂಡಳು. ಐದನೆಯದನ್ನು ಒತ್ತಿದರೆ ಈ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಖಾತೆ ಉಳಿಯುತ್ತದೆ, ನಾಳೆಯೂ ಬಾಡಿಗೆ ಬರುತ್ತದೆ. ಬೆರಳು ಅಲ್ಲಿಯವರೆಗೆ ಹೋಯಿತು ಕೂಡ. ಕದ್ದು ಒತ್ತಿಕೊಂಡು, ಇವನ ಹೆಸರಿನ ಐದು ಸ್ಟಾರ್ ಹೊತ್ತು ನಾಳೆ ಕಾರು ಓಡಿಸುವುದೆ? ಥೂ! ಮೊದಲನೆಯದನ್ನೇ ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು.

"ಒತ್ತೀನಿ ನೋಡ್ರಿ. ಒಂದೇ."

ಡ್ಯಾಶ್‌ಬೋರ್ಡಿನ ಮೇಲಿದ್ದ ಅವಳ ಮೊಬೈಲು ಟಿಣ್ ಎಂದಿತು. ಖಾತೆ ಬಂದ್ ಆಗಿತ್ತು. ಅದನ್ನು ಅವಳು ಗಟ್ಟಿಯಾಗಿ ಓದಿ ಹೇಳಿದಳು. ಉಚ್ಚಂಗಪ್ಪ ತನ್ನ ಫೋನನ್ನು ಮತ್ತೆ ಅವಳ ಕಡೆಗೆ ಚಾಚಿದ.

"ಅಯ್ಯೋ ನಿನ್ನ! ನಾ ಬರೇ ಹೆದರ್ಸಿದ್ದು ಕಣವ್ವ. ಒಂದು ತಪ್ಪಾತು ಅಂದಿದ್ರೆ ಮುಗೀತಿತ್ತಲ್ಲ!"

"ಅದನ್ನ ಅನ್ನಬಾರ್ದು ಅಂತ್ಲೇ ಒತ್ತಿದ್ದು. ಇಳೀರಿ."

ಒಬ್ಬೊಬ್ಬರಾಗಿ ಇಳಿದರು. ಲೋಕಮ್ಮ ಕುಂಬಳಕಾಯಿ ಚೀಲ ಎಳೆದುಕೊಂಡಳು. ಶಶಿರೇಖಾ ಕಾರನ್ನು ಶಿಕಾರಿಪುರದ ಕಡೆಗೆ ತಿರುಗಿಸಿದಳು. ಮಾಲತೇಶನಿಗೆ ಏನು ಹೇಳಬೇಕೋ ತಿಳಿಯದೆ ಕಣ್ಣಲ್ಲಿ ದಳದಳ ನೀರು ಸುರಿಯುತ್ತಿತ್ತು. ಊರು ಬರುವವರೆಗೂ ಅಳುತ್ತಲೇ ಇದ್ದಳು, ಉಚ್ಚಂಗಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದಳು.