ಮೊದಲ ಸಾಲು ಓದು, ಅಮ್ಮಿಣಿ

ಕಳೆದ ತಿಂಗಳು, ಬಟ್ಟೆಗೆ ಬಣ್ಣ ಹಾಕುವ ನಮ್ಮ ಡೈಯಿಂಗ್ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರು. ಕೊಂಡೊಯ್ಯಲು ಬಂದವನು ಅಲ್ಲಿಯೇ ಕೂತು ಅದರ ಪಕ್ಕದ ತಗಡು ಬಿಚ್ಚಿದ. ಒಳಗಿನ ಫ್ಯಾನಿನ ಮೇಲೆ ಬನಿಯನ್ ಬಟ್ಟೆಯ ಹತ್ತಿ ಧೂಳು ಕಂಬಳಿಯಂತೆ ಮೆತ್ತಿಕೊಂಡಿತ್ತು. ಒಂದು ಪದರ ನೀಲಿ, ಒಂದು ಪದರ ಕೆಂಪು, ಮೇಲೆಲ್ಲ ಬೂದು. ಅದನ್ನು ಎಳೆದಾಗ ಒಂದು ವಾಸನೆ ಬಂತು... ಎಷ್ಟೋ ವರ್ಷ ಕಾದು ಆರಿದ ಹತ್ತಿಯದು, ಜೊತೆಗೆ ಕರ್ಪೂರದ್ದು.

"ಏನಮ್ಮಾ, ಇದು ಕಂಪ್ಯೂಟರಾ, ಕೋವಿಲಾ? ಒಳಗೆಲ್ಲ ವಿಭೂತಿ!" ಎಂದು ಅವನು ನಕ್ಕ.

ನಾನೂ ನಗಲು ನೋಡಿದೆ. ಆಗಲಿಲ್ಲ. ಎದ್ದು ಹೊರಗೆ ಹೋದೆ, ನೀರು ಕುಡಿದೆ, ಒಳಗೆ ಬಂದೆ, ಮತ್ತೆ ಹೊರಗೆ ಹೋದೆ. ಪ್ರತಿ ಆಯುಧಪೂಜೆಗೆ ಆ ಪೆಟ್ಟಿಗೆಗೆ ವಿಭೂತಿ ಬಳಿದು ಕರ್ಪೂರ ಬೆಳಗುತ್ತಿದ್ದವರು ಮಾವ ಒಬ್ಬರೇ. ಅವರು ಹೋಗಿ ಮೂರು ವರ್ಷ ಆಯಿತು.

ಮೆಟ್ಟುಪಾಳ್ಯಂ ಹತ್ತಿರದ ಸಿರುಮುಗೈಯಲ್ಲಿ ಅವರದು ನಮ್ಮ ಎದುರು ಮನೆ. ರಕ್ತ ಸಂಬಂಧವೇನೂ ಇರಲಿಲ್ಲ, ಆದರೆ ನಮ್ಮ ಬೀದಿಯಲ್ಲಿ ಎದುರು ಮನೆಯ ಗಂಡಸರೆಲ್ಲ ಮಾವಂದಿರೇ. ನೇಕಾರರ ಬೀದಿ ಅದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಕ್ಷರ ಮಾತ್ರ ಎಲ್ಲರಿಗೂ ತಮಿಳಿನದೇ. ನಾನು ಏಳನೆಯ ತರಗತಿಯವರೆಗೆ ಕೊಳ್ಳೇಗಾಲದ ಅಜ್ಜಿಯ ಮನೆಯಲ್ಲಿದ್ದು ಓದಿದ್ದರಿಂದ ಇದನ್ನು ಹೀಗೆ ಬರೆಯಲು ಬರುತ್ತಿದೆ. ಮಾವನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅವರು ಕನ್ನಡವನ್ನು ತಮಿಳು ಅಕ್ಷರದಲ್ಲಿಯೇ ಬರೆಯುತ್ತಿದ್ದರು, ನಮ್ಮ ಬೀದಿಯ ಎಲ್ಲರಂತೆ.

ಮೂವತ್ತರವರೆಗೆ ಅವರು ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯ್ದವರು. ಆಮೇಲೆ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯ ಒಂದು ಪಂಪ್ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳಲು ಸೇರಿದರು. ಅಲ್ಲಿ ಕಂಪ್ಯೂಟರ್ ಬಂದಾಗ ಬೇರೆಯವರು ಹೆದರಿ ದೂರ ನಿಂತರಂತೆ, ಇವರು ಹತ್ತಿರ ಹೋದರು. ಪರ್ಲ್ ಎನ್ನುವ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ತಾವೇ ಕಲಿತರು. ತಿರುಪ್ಪೂರಿನ ಈ ಫ್ಯಾಕ್ಟರಿಗೆ ಬಣ್ಣದ ಪುಸ್ತಕವನ್ನು ಕಟ್ಟಿಕೊಟ್ಟವರು ಅವರೇ. ಯಾವ ಶೇಡಿಗೆ ಯಾವ ಬಣ್ಣ ಎಷ್ಟು ಪಾಲು ಎಂಬುದೆಲ್ಲ ಒಂದು ಡೇಟಾಬೇಸಿನಲ್ಲಿತ್ತು, ಅದೇ ಆ ಪುಸ್ತಕ. ಬಟ್ಟೆಯ ತೂಕ ಹೇಳಿದರೆ ನೀರೆಷ್ಟು, ಬಣ್ಣವೆಷ್ಟು, ಉಪ್ಪೆಷ್ಟು ಎಂದು ಅವರ ಪ್ರೋಗ್ರಾಮು ಹೇಳುತ್ತಿತ್ತು. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಇಲ್ಲಿಯ ಲ್ಯಾಬಿಗೆ ಸೇರಿಸಿದವರೂ ಅವರೇ.

ಆ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಒಂದು ಸಣ್ಣ ತುಂಡು ಇರುತ್ತದೆ. ಡ್ರೈವರ್ ಎನ್ನುತ್ತಾರೆ. ಇದರ ಮಾತು ಅದಕ್ಕೆ ತಿಳಿಯುವಂತೆ ಮಾಡುವುದು ಅದೇ. ಪರ್ಲ್ ಹೊಸದಾದರೆ ಡ್ರೈವರನ್ನು ಅದಕ್ಕೆ ತಕ್ಕಂತೆ ಮತ್ತೆ ಕಟ್ಟಬೇಕು, ಡೇಟಾಬೇಸು ಹೊಸದಾದರೂ ಕಟ್ಟಬೇಕು. ಕಟ್ಟಿದ ಮೇಲೆ ಅದು ತಾನೇ ನೂರಾರು ಸಣ್ಣ ಪರೀಕ್ಷೆಗಳನ್ನು ಮಾಡಿ ನೋಡಿಕೊಳ್ಳುತ್ತದೆ. ಎಲ್ಲದಕ್ಕೂ ಸರಿ ಎಂದು ಬಂದರೆ ಮಾತ್ರ ಜಾಗಕ್ಕೆ ಹಾಕಬೇಕು. ಮಾವ ಇದನ್ನು ವರ್ಷಕ್ಕೊಂದು ಸಲ, ಪೂಜೆಯ ಮುಂಚಿನ ವಾರ, ತಪ್ಪದೆ ಮಾಡುತ್ತಿದ್ದರು.

"ಚೆನ್ನಾಗಿ ಓಡ್ತಾ ಇರೋದನ್ನ ಯಾಕೆ ಮಾವ ಕೆದಕೋದು?" ಎಂದು ಒಮ್ಮೆ ಕೇಳಿದ್ದೆ.

"ಯಾಕೆ ಅಮ್ಮಿಣಿ, ನೀನು ಮಗ್ಗದ ಮನೇಲಿ ಹುಟ್ಟಲಿಲ್ವಾ? ಪಾವು ಪೂರಾ ಮುಗಿಯೋ ಗಂಟ ನಿಮ್ಮಪ್ಪ ಯಾವತ್ತಾದ್ರೂ ಸುಮ್ಮನೆ ಕೂತಿದ್ರಾ?"

ಪಾವು ಎಂದರೆ ಮಗ್ಗಕ್ಕೆ ಹಾಸುವ ಉದ್ದದ ನೂಲು. ಅದು ಪೂರ್ತಿ ನೇಯ್ದು ಮುಗಿಯುವ ಮೊದಲೇ, ಹಳೆಯ ಎಳೆಗಳು ಮಗ್ಗದ ಅಚ್ಚಿನ ಹಲ್ಲುಗಳಲ್ಲಿ ಇರುವಾಗಲೇ, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆಯನ್ನು ಹೊಸೆದು ಸೇರಿಸುತ್ತಾರೆ. ನಮ್ಮಮ್ಮ ದಿನವಿಡೀ ಕೂತು ಅದನ್ನು ಮಾಡುತ್ತಿದ್ದರು. ಹಾಗೆ ಸೇರಿಸಿದರೆ ಹಳೆಯದೇ ಹೊಸದನ್ನು ಎಳೆದುಕೊಂಡು ಹೋಗುತ್ತದೆ. ಹಳೆಯದನ್ನು ಕತ್ತರಿಸಿಬಿಟ್ಟರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು. ಬೀದಿಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾದ ಮಾತಲ್ಲ ಅದು.

ಆಮೇಲೆ ಅವರ ಕಿಡ್ನಿ ಕೆಟ್ಟಿತು. ಮಂಗಳವಾರ, ಶುಕ್ರವಾರ ಬೆಳಗ್ಗೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಿರುಪ್ಪೂರಿಗೆ ಬಂದು ಹೋಗಲು ಇನ್ನು ಆಗುವುದಿಲ್ಲ ಎಂದಾಯಿತು. ಅವರು ಒಂದು ಕಡೆ ಕೂರುವ ಮನುಷ್ಯರೇ ಅಲ್ಲ. ಮಾತಾಡುವಾಗ ಕಾಲು ಅಲ್ಲಾಡಿಸುತ್ತಲೇ ಇರುತ್ತಿದ್ದರು. ನಾಲ್ಕು ಗಂಟೆ ಒಂದೇ ಕುರ್ಚಿ, ಒಂದು ಕೈ ಮಿಷನ್ನಿಗೆ. ಇನ್ನೊಂದು ಕೈಯಲ್ಲಿ ಫೋನು ಹಿಡಿದು ನನಗೆ ಮಾಡುತ್ತಿದ್ದರು.

"ಅಮ್ಮಿಣಿ, ಕಾಪಿ ಆಯ್ತಾ? ನನಗೆ ಅರ್ಧ ಟಂಬ್ಲರ್ ತಾನ್ ಕೊಡ್ತಾರೆ, ಪಾಪಿಗಳು. ಸರಿ, ಪ್ರೋಗ್ರಾಮು ತೆರೆ. ಮೊದಲ ಸಾಲು ಓದು."

ಅದು ಅವರ ವಾಡಿಕೆ. ಪ್ರೋಗ್ರಾಮು ತೆರೆದುಕೊಳ್ಳುವಾಗ ಮೇಲೆ ಒಂದು ಸಾಲು ಬರುತ್ತಿತ್ತು, ಕೆಲವು ಇಂಗ್ಲಿಷ್ ಅಕ್ಷರ, ಕೆಲವು ಅಂಕಿ. ನಾನು ಅದನ್ನು ಒಂದೊಂದೇ ಅಕ್ಷರವಾಗಿ ಓದುತ್ತಿದ್ದೆ. ಅವರು "ಮ್" ಎನ್ನುತ್ತಿದ್ದರು. ಆಮೇಲೆ ಆ ವಾರದ ತೊಂದರೆಗಳ ಕಥೆ. ಅವರ ಹಿಂದಿನಿಂದ ಮಿಷನ್ನಿನ ಸದ್ದು, ನರ್ಸಿನ ಬೈಗುಳ. "ತಾತಾ, ಕೈ ಆಡಿಸಬೇಡಿ!" "ಕೈ ಎಲ್ಲಮ್ಮಾ ಆಡಿಸಿದೆ, ಬಾಯಿ ತಾನೇ ಆಡಿಸ್ತಿರೋದು!"

ಆ ವರ್ಷ ಪೂಜೆಯ ಮುಂಚಿನ ವಾರ ಅವರು ಹೇಳಿದರು, "ಈ ಸಲ ನೀನೇ ಕಟ್ಟು. ನಾನು ಫೋನಲ್ಲಿ ಇರ್ತೀನಿ."

ಶುಕ್ರವಾರದವರೆಗೆ ನಾನು ಕಾಯಬೇಕಿತ್ತು. ಆದರೆ ಬುಧವಾರ ಕೆಲಸ ಕಡಿಮೆಯಿತ್ತು, ಅವರಿಗೆ ಸುಸ್ತಾಗಿರುತ್ತದೆ, ನಾನೇ ಮಾಡಿ ಮುಗಿಸಿ ಹೇಳೋಣ ಎಂದುಕೊಂಡೆ. ಹೊಸ ಪರ್ಲ್ ಹಾಕಿದೆ. ಡ್ರೈವರ್ ಕಟ್ಟಿದೆ. ಪರೀಕ್ಷೆ ಓಡಿಸಿದೆ. ಪರದೆಯ ತುಂಬ ತಪ್ಪು, ತಪ್ಪು, ತಪ್ಪು ಎಂದು ಸಾಲುಗಳು ಬಿದ್ದವು. ಅಷ್ಟರಲ್ಲಿ ಫ್ಯಾಕ್ಟರಿಯ ಯಜಮಾನರು, ಮುದಲಾಳಿ, ಬಂದು ನನ್ನ ಹಿಂದೆ ನಿಂತರು. "ಏನಮ್ಮಾ, ಅಲ್ಲಿ ಮಿಷನ್ ಖಾಲಿ ನಿಂತಿದೆ, ಶೇಡ್ ಎಲ್ಲಿ?" ಎಲ್ಲವನ್ನೂ ಅಳಿಸಿ ಹಳೆಯದನ್ನೇ ಮತ್ತೆ ಇಟ್ಟೆ. ಓಡಿತು. ಮುಂದೆ ಅದು ತಾನಾಗಿ ಏನನ್ನೂ ಬದಲಿಸಿಕೊಳ್ಳಬಾರದೆಂದು ಇಂಟರ್ನೆಟ್ಟಿನ ವಯರನ್ನೂ ಕಿತ್ತೆ.

ಶುಕ್ರವಾರ ಅವರು ಕೇಳಿದರು. "ಕಟ್ಟಿದೆಯಾ?"

"ಕಟ್ಟಿದೆ ಮಾವ."

"ಪರೀಕ್ಷೆ?"

"ಎಲ್ಲಾ ಸರಿ ಬಂತು."

ಮಿಷನ್ನಿನ ಸದ್ದು ಕೇಳುತ್ತಿತ್ತು. "ಸರಿ. ಮೊದಲ ಸಾಲು ಓದು" ಎಂದರು. ಓದಿದೆ. "ಮ್" ಎಂದರು.

ಮುಂದಿನ ವರ್ಷವೂ ಅದೇ ಸುಳ್ಳು ಹೇಳಿದೆ. ಎರಡನೆಯ ಸಲ ಸುಲಭವಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಅಂದಿನಿಂದ ಆ ಪೆಟ್ಟಿಗೆಯ ಪಕ್ಕ ನಾನು ನೆಮ್ಮದಿಯಾಗಿ ಕೂತದ್ದಿಲ್ಲ. ಅದು ಸ್ವಲ್ಪ ಹೆಚ್ಚು ಸದ್ದು ಮಾಡಿದರೆ ಊಟ ಬಿಟ್ಟು ಎದ್ದು ಬರುತ್ತಿದ್ದೆ. ರಜೆಯ ದಿನ ಸಿರುಮುಗೈಗೆ ಹೋದರೂ ಎದುರು ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ. ಹೋದರೂ ನಿಂತುಕೊಂಡೇ ಮಾತಾಡಿ ಬರುತ್ತಿದ್ದೆ.

ಆಡಿ ತಿಂಗಳಿನ, ಎಂದರೆ ಆಷಾಢದ ಹೊತ್ತಿನ, ಒಂದು ಶುಕ್ರವಾರ ಫೋನು ಬರಲಿಲ್ಲ. ಹತ್ತು ಗಂಟೆಗೆ ನಾನೇ ಮಾಡಿದೆ. ಅವರ ಹೆಂಡತಿ, ನಮ್ಮ ಅತ್ತೆ, ಎತ್ತಿದರು. "ಅಮ್ಮಿಣಿ..." ಎಂದು ಅಳತೊಡಗಿದರು.

ಮಾವ ಹೋದ ಎರಡು ತಿಂಗಳಿಗೆ ಆ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಬಣ್ಣದ ಪುಸ್ತಕಕ್ಕೇನೂ ಆಗಿರಲಿಲ್ಲ. ದಿನವೂ ಬೇರೆ ಡಿಸ್ಕಿಗೆ ಪ್ರತಿ ಹೋಗುವಂತೆ ಮಾವ ಮಾಡಿಟ್ಟಿದ್ದರು, ಪ್ರೋಗ್ರಾಮೂ ಅದರಲ್ಲಿಯೇ ಇತ್ತು. ಹೊಸ ಕಂಪ್ಯೂಟರ್ ತಂದರು. ಆದರೆ ಅದರಲ್ಲಿದ್ದದ್ದೆಲ್ಲ ಹೊಸದು. ಹಳೆಯ ಡ್ರೈವರ್ ಅದರಲ್ಲಿ ಕೂರಲೇ ಇಲ್ಲ. ಹೊಸ ಡ್ರೈವರ್ ಕಟ್ಟಲು ಹೋದರೆ ಅರ್ಧಕ್ಕೆ ನಿಂತಿತು. ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಪ್ರೋಗ್ರಾಮು, ಎರಡಕ್ಕೂ ಮಾತಿಲ್ಲ. ಹಳೆಯ ಆರ್ಡರಿನ ಕಡು ಹಸಿರಿಗೇ ಹೊಂದಬೇಕಾದ ಕಾಲರಿನ ಬಟ್ಟೆ ಬಣ್ಣಕ್ಕೆ ಕಾದು ಬಿದ್ದಿತ್ತು.

ಮುದಲಾಳಿ ಕೋಪಿಸಿಕೊಳ್ಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. "ಸೋಮವಾರದ ತನಕ ನೋಡಮ್ಮಾ. ಆಗದಿದ್ದರೆ ಹೊರಗಿನವರನ್ನು ಕರೆಸಿ ಎಲ್ಲವನ್ನೂ ಹೊಸದಾಗಿ ಹಾಕಿಸಿಬಿಡುತ್ತೇನೆ. ಅವರ ಪ್ರೋಗ್ರಾಮಿಗೂ ವಯಸ್ಸಾಯಿತು" ಎಂದರು.

ಸೋಮವಾರಕ್ಕೆ ಆಗದಿದ್ದರೆ ಮಾವ ಈ ಊರಿನಲ್ಲಿ ಮಾಡಿದ್ದರಲ್ಲಿ ಒಂದು ಸಾಲೂ ಉಳಿಯುವುದಿಲ್ಲ, ಅದೂ ನನ್ನ ಕೈಯಿಂದ... ಇದು ತಲೆಯಲ್ಲಿ ಸುತ್ತುತ್ತಲೇ ಇತ್ತು. ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆ. ಅವಿನಾಶಿಯಲ್ಲಿ ಇಳಿದು ಮೆಟ್ಟುಪಾಳ್ಯಂ ಬಸ್ಸು ಹಿಡಿದೆ. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ, ನಿಂತೇ ಹೋದೆ.

ಅತ್ತೆ ಬಾಗಿಲಲ್ಲಿಯೇ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. "ಬಾ. ಇವತ್ತಾದ್ರೂ ಕೂರ್ತೀಯಾ, ಇಲ್ಲಾ ನಿಂತ್ಕೊಂಡೇ ಹೋಗ್ತೀಯಾ?" ಎಂದರು. ನಾನು ಕೂತೆ. ಡ್ರೈವರಿನ ವಿಷಯ ಹೇಳಿದೆ. ಸುಳ್ಳಿನ ವಿಷಯ ಮಾತ್ರ ಹೇಳಲಿಲ್ಲ. ಅವರು ಒಳಗೆ ಹೋಗಿ ಒಂದು ಉದ್ದದ ನೋಟ್‌ಬುಕ್ ತಂದು ಮಡಿಲಲ್ಲಿ ಹಾಕಿದರು.

"ಆಸ್ಪತ್ರೆಗೆ ಹೋಗುವಾಗೆಲ್ಲ ತಗೊಂಡು ಹೋಗೋರು. ಅವರ ಹಳೇ ವರ್ಕ್‌ಶಾಪಿನ ಕಂಪ್ಯೂಟರ್ ಹುಡುಗರು ಇಬ್ಬರು ಬಂದು ನೋಡಿದ್ರು, ಒಂದಕ್ಷರ ತಿಳೀಲಿಲ್ಲ ಅಂದ್ರು."

ತಿಳಿಯುವುದಾದರೂ ಹೇಗೆ? ಅಕ್ಷರ ತಮಿಳು, ಮಾತು ಕನ್ನಡ, ನಡುನಡುವೆ ಪರ್ಲ್. ಓದಬಲ್ಲವರಿಗೆ ಅರ್ಥವಾಗದು, ಅರ್ಥವಾಗುವವರಿಗೆ ಓದಲು ಬಾರದು.

ಎಡಗಡೆಯ ಪುಟಗಳಲ್ಲಿ ಮಂಗಳವಾರ, ಶುಕ್ರವಾರ, ಮಂಗಳವಾರ ಎಂದು ಒಂದರ ಕೆಳಗೊಂದು ಬರೆದಿತ್ತು. ಪ್ರತಿಯೊಂದರ ಮುಂದೆಯೂ ಅದೇ ಅಂಕಿಗಳು. ನಾನು ಫೋನಿನಲ್ಲಿ ಓದಿ ಹೇಳಿದ ಮೊದಲ ಸಾಲು. ಅದು ಏನೆಂದು ನನಗೆ ಆಗ ಹೊಳೆಯಿತು. ಅದು ಡ್ರೈವರಿನ ಆವೃತ್ತಿಯ ಸಂಖ್ಯೆ. ಎರಡು ವರ್ಷ, ವಾರಕ್ಕೆ ಎರಡು ಸಲ, ಹಳೆಯದೇ ಇದೆ, ಹಳೆಯದೇ ಇದೆ ಎಂದು ನನ್ನ ಬಾಯಿಂದಲೇ ಅವರಿಗೆ ಹೇಳುತ್ತ ಬಂದಿದ್ದೆ.

ಕೊನೆಯ ಕೆಲವು ಪುಟಗಳಿಗೆ ಮೇಲೆ ಒಂದು ಹೆಸರು ಕೊಟ್ಟಿದ್ದರು. 'ಅಮ್ಮಿಣಿ ಪಾವನ್ನ ಕತ್ತರಿಸಿಬಿಟ್ಟ ಮೇಲೆ.' ಅದರ ಕೆಳಗೆ, 'ಹೆದರಿಕೊಂಡಿದಾಳೆ. ಬೈಯಬಾರದು. ಬೈದರೆ ಮೊದಲ ಸಾಲು ಓದೋದನ್ನೂ ನಿಲ್ಲಿಸಿಬಿಡ್ತಾಳೆ.' ಆಮೇಲೆ ಒಂದೊಂದೇ ಹೆಜ್ಜೆ. ಮೊದಲು ಡೇಟಾಬೇಸಿನ ಯಾವ ಕಡತಗಳನ್ನು ಹಾಕಬೇಕು, ಅವು ಇಲ್ಲದಿದ್ದರೆ ಕಟ್ಟುವುದು ಎಲ್ಲಿ ನಿಲ್ಲುತ್ತದೆ. ಮುಂದಿನ ಪುಟದಲ್ಲಿ ಎರಡು ಗೆರೆ ಎಳೆದು, 'ಪರೀಕ್ಷೆಗೆ ಒಂದು ಖಾಲಿ ಡೇಟಾಬೇಸ್ ಬೇಕು. ಅದನ್ನ ಮಾಡಿ ಕೊಡದೆ ಇದ್ದರೆ ಎಲ್ಲಾ ತಪ್ಪು ತಪ್ಪು ಅಂತ ಬರುತ್ತೆ. ಇವಳು ಅಲ್ಲೇ ನಿಂತಿರಬೇಕು.'

ನಾನು ಅಲ್ಲಿಯೇ ನಿಂತಿದ್ದೆ. ಒಂದು ಖಾಲಿ ಡೇಟಾಬೇಸು. ಒಂದು ಸಾಲಿನ ಕೆಲಸ. ಆ ಶುಕ್ರವಾರ 'ಆಗಲಿಲ್ಲ ಮಾವ' ಎಂದಿದ್ದರೆ ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

"ಅತ್ತೆ, ಮಾವನಿಗೆ ಗೊತ್ತಿತ್ತು" ಎಂದೆ.

"ಏನು ಗೊತ್ತಿತ್ತೋ. ಫೋನು ಇಟ್ಟ ಮೇಲೆ ನಗೋರು. 'ಬರ್ತಾಳೆ, ಬರ್ತಾಳೆ, ಒಂದು ದಿನ ಅವಳೇ ಬಂದು ಹೇಳ್ತಾಳೆ' ಅನ್ನೋರು." ಅತ್ತೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ಕಾದ್ರು ಕಣಮ್ಮಾ."

ಭಾನುವಾರ ಮಧ್ಯಾಹ್ನ ಡ್ರೈವರ್ ಕೂತಿತು. ಪರೀಕ್ಷೆಗಳೆಲ್ಲ ಸರಿ ಬಂದವು. ಸೋಮವಾರ ಹಸಿರು ಹೊಂದಿತು. ಮುದಲಾಳಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿ ಹೋದರು. ಹೊರಗಿನವರು ಬರಲಿಲ್ಲ.

ಈಗ ಪೂಜೆಯ ಮುಂಚಿನ ವಾರ ನಾನೇ ಕಟ್ಟುತ್ತೇನೆ. ಕೆಲಸ ಕಡಿಮೆ ಇರುವ ದಿನವಲ್ಲ, ಎಲ್ಲರೂ ಇರುವ ದಿನವೇ. ಈ ವರ್ಷ ಕಟ್ಟಿ ಪರೀಕ್ಷೆ ಓಡಿಸಿದಾಗ ಎಲ್ಲ ಸರಿಯಾಗಿ ಬಂದು ಒಂದು ಮಾತ್ರ ತಪ್ಪಿತು. ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಅದರ ಬಗ್ಗೆ ಏನೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಅವರು ಹೋದ ಮೇಲೆ ಹುಟ್ಟಿದ ತಪ್ಪು. ಅವರಿಗೆ ಗೊತ್ತಿಲ್ಲದ್ದು ಏನಾದರೂ ಇದರಲ್ಲಿ ಇರಬಹುದು ಎಂದು ನಾನು ಅದುವರೆಗೆ ಅಂದುಕೊಂಡೇ ಇರಲಿಲ್ಲ... ಅವರು ಇಲ್ಲ ಎನ್ನುವುದು ಬಹುಶಃ ಆಗಲೇ ನನಗೆ ಪೂರ್ತಿ ತಿಳಿದದ್ದು.

ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಮುದಲಾಳಿ ಬಾಗಿಲಲ್ಲಿ ತಲೆಹಾಕಿ, "ಮುಗಿಯಿತೇನಮ್ಮಾ?" ಎಂದು ಕೇಳಿದರು.

"ಇಲ್ಲ ಸಾರ್. ಒಂದು ತಪ್ಪಿದೆ. ಏನೆಂದು ನನಗೆ ಗೊತ್ತಿಲ್ಲ" ಎಂದೆ.

ಅವರು ಮಿಷನ್ನುಗಳ ಕಡೆ ಹೋದರು. ನಾನು ಕುರ್ಚಿ ಎಳೆದುಕೊಂಡು ಕೂತೆ.