ಬಿಷಪ್ ಇದ್ದ ತೊಟ್ಟಿ

ಮೀನೆಂದರೆ ಓಜನೀರಾಗೆ ಹೇಸಿಗೆ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು, ಹೇಳುತ್ತಲೇ ಮೊಣಕೈವರೆಗೆ ಉಪ್ಪುನೀರಿಗೆ ಕೈ ಇಳಿಬಿಡುತ್ತಿದ್ದಳು. ಫೋರ್ಟಲೇಜಾ ಪಟ್ಟಣದ ಮುಕುರೀಪಿ ಕೇರಿಯಲ್ಲಿ ತೆಪ್ಪದ ಬೆಸ್ತನ ಮಗಳಾಗಿ ಹುಟ್ಟಿ, ಏಳನೇ ವಯಸ್ಸಿಗೇ ಮೀನಿನ ಹೊಟ್ಟೆ ಸೀಳಲು ಕೂತವಳು. ಆಮೇಲೆ ಬಣ್ಣದ ಮೀನುಗಳನ್ನು ಹೊರದೇಶಕ್ಕೆ ಕಳಿಸುವ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ದುಡಿದಳು. ಅಲ್ಲಿ ಒಂದು ಚೀಲಕ್ಕೆ ಒಂದೇ ಮೀನು. ಪಕ್ಕದ ಚೀಲದವನ ಮುಖ ಕಾಣದಂತೆ ಸುತ್ತ ಹಳೇ ಪತ್ರಿಕೆ ಸುತ್ತಬೇಕು. ಕಂಡರೆ ಪ್ಲಾಸ್ಟಿಕ್ಕಿನ ಆಚೆಯಿಂದಲೇ ಮೂತಿ ಬಡಿದುಕೊಂಡು ಸಾಯುತ್ತವೆ.

“ಸಮುದ್ರಾನ ದೇವ್ರು ಅಷ್ಟು ದೊಡ್ಡದಾಗಿ ಯಾಕೆ ಮಾಡಿದಾನೆ ಗೊತ್ತಾ? ಈ ದರಿದ್ರಗಳು ಒಂದರ ಕಣ್ಣಿಗೆ ಒಂದು ಬೀಳದೆ ಇರ್ಲಿ ಅಂತ,” ಎನ್ನುತ್ತಿದ್ದಳು.

ಕಳೆದ ಹನ್ನೊಂದು ವರ್ಷಗಳಿಂದ ಅವಳ ಕೆಲಸ ಅಡೆರ್ಬಾಲ್ ಎಂಬವನ ಕಡಲತೀರದ ಹೋಟೆಲಿನಲ್ಲಿ. ಅಲ್ಲಿ ಗೋಡೆಯುದ್ದದ ಒಂದು ಗಾಜಿನ ತೊಟ್ಟಿ. ಗಿರಾಕಿಗಳು ಕರಿದ ಮೀನನ್ನು ಕಚ್ಚುತ್ತ, ಈಜುವ ಮೀನನ್ನು ನೋಡಿ ‘ಅಯ್ಯೋ ಪಾಪ, ಎಷ್ಟು ಮುದ್ದಾಗಿದೆ’ ಎನ್ನುವರು. ಎಣ್ಣೆ ಬೆರಳನ್ನು ಗಾಜಿಗೆ ಒತ್ತುವರು. ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋದರೆ ಚಪ್ಪಾಳೆ ಬೇರೆ. ಆ ಎಂಜಲು ಬೆರಳಚ್ಚುಗಳನ್ನು ದಿನಾ ಒರೆಸಬೇಕಾದವಳಿಗೆ ಮನುಷ್ಯರ ಮೇಲೂ ಅಂಥ ಪ್ರೀತಿ ಉಳಿದಿರಲಿಲ್ಲ.

ಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಹೊಸ ಮೀನು ಬಿಡುವ ಮುಂಚೆ ಒಳಗಿನ ಕಲ್ಲುಗಳನ್ನೆಲ್ಲ ಅದಲುಬದಲು ಮಾಡುವಳು. ಹಳಬರು ತಮ್ಮ ಗೂಡು ಹುಡುಕುವುದರಲ್ಲೇ ಸುಸ್ತಾಗಿ ಹೊಸಬನ ತಂಟೆಗೆ ಹೋಗುತ್ತಿರಲಿಲ್ಲ. ಆದರೂ ರೌಡಿತನ ಮಾಡಿದವನನ್ನು ತೂತು ಕೊರೆದ ಡಬ್ಬಿಗೆ ಹಾಕಿ ಅದೇ ನೀರಿನಲ್ಲಿ ಹತ್ತು ದಿನ ತೇಲಿಬಿಡುವಳು. ಹೊರಗೆ ಬರುವಾಗ ಅವನೇ ಹೊಸಬ, ಬಾಲ ಮುದುರಿಕೊಂಡಿರುತ್ತಾನೆ.

ಇಡೀ ತೊಟ್ಟಿಯಲ್ಲಿ ಅವಳಿಗೆ ಹೇಸಿಗೆ ಹುಟ್ಟಿಸದ ಜೀವ ಒಂದೇ, ಬಿಷಪ್. ಕೆನ್ನೆಗೆ ನೀಲಿ ಪಟ್ಟೆಯ ದಪ್ಪ ಮೀನು, ಎಂಟು ವರ್ಷದ್ದು. ಅವಳ ಕೈ ಕಂಡರೆ ಮೇಲೆ ಬಂದು ಬೆರಳ ತುದಿಯಿಂದ ಸಿಗಡಿ ತೆಗೆದುಕೊಳ್ಳುವುದು, ತಡವಾದರೆ ಮುಖಕ್ಕೆ ನೀರು ಚಿಮ್ಮಿಸುವುದು. “ಕಳ್ಳ ಮುಂಡೇದೆ!” ಎಂದು ಅವಳು ನಗುತ್ತಿದ್ದಳು. ಅವಳು ನಗುವುದನ್ನು ಹೋಟೆಲಿನವರು ಕಂಡದ್ದು ಅಲ್ಲಿ ಮಾತ್ರ.

ಆಗಸ್ಟಿನಲ್ಲಿ ಮೊದಲ ಹೆಣ ತೇಲಿತು. ಹಳದಿ ಬಾಲದ ಪುಟ್ಟ ಮೀನು, ಎರಡೂ ಕಣ್ಣಿಲ್ಲ. ಕಣ್ಣಿದ್ದಲ್ಲಿ ಬಿಳಿ ಲೋಳೆ. ವಾರಕ್ಕೆ ಇನ್ನೊಂದು, ಅದೇ ಥರ. ಓಜನೀರಾ ಅದನ್ನು ಬಲೆಯಲ್ಲಿ ಎತ್ತಿ ಹೊರಗೆಸೆದಳು. ಹೊಡೆದಾಡಿ ಸಾಯಲಿ, ಅದು ಮೀನಿನ ಜಾಯಮಾನ. ಕಣ್ಣು ಕೀಳುವುದೆಂದರೆ ಎಂಥ ನೀಚತನ!

ಯಾರ ಕೆಲಸವೆಂದು ಅವಳು ಯೋಚಿಸಲೂ ಹೋಗಲಿಲ್ಲ. ತೊಟ್ಟಿಯಲ್ಲಿ ಒಂದು ನೀಲಿ ಮೀನಿತ್ತು, ಬಾಲದ ಬುಡದಲ್ಲಿ ಹುಟ್ಟುವಾಗಲೇ ಅಲಗು ಹೊತ್ತು ಬರುವ ಜಾತಿ. ಅದಕ್ಕೆ ಅವಳಿಟ್ಟ ಹೆಸರು ಚಾಕು. ದಿನವಿಡೀ ಎಲ್ಲರ ಬೆನ್ನಟ್ಟುವ ಸಿಡುಕ. ಅವನನ್ನು ಡಬ್ಬಿಗೆ ಹಾಕಿದಳು. ಅವನು ಡಬ್ಬಿಯೊಳಗಿರುವಾಗಲೇ ಮೂರನೆಯದು ಕಣ್ಣಿಲ್ಲದೆ ತೇಲಿತು.

“ಅದು ಹಳೇ ಗಾಯ. ಈಗ ಸತ್ತಿದೆ ಅಷ್ಟೆ,” ಎಂದಳು ಓಜನೀರಾ.

ಅಡುಗೆಮನೆಯ ಲೂಸಿಮಾರ ಮರಗೆಣಸಿನ ಹಿಟ್ಟು ಹುರಿಯುತ್ತ ಅಲ್ಲಿಂದಲೇ ಕೂಗಿದಳು: “ಅಕ್ಕಾ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳಿತಿದೀಯ. ಚಾಕು ಬೆನ್ನಟ್ತಾನೆ, ಕಚ್ಚಲ್ಲ. ನಿನ್ನ ಬಿಷಪ್ಪನ್ನ ಒಂಚೂರು ನೋಡು.”

“ನೀನು ನಿನ್ನ ಬಾಣಲೆ ನೋಡ್ಕೊ. ಮೀನು ಹುರಿಯೋಳಿಗೆ ಮೀನಿನ ಮನಸ್ಸು ಏನು ಗೊತ್ತು!”

ಅಡೆರ್ಬಾಲ್ ಬೇರೆ ಗದರಿಕೊಂಡ: “ಊಟದ ಹೊತ್ತಿಗೆ ಹೆಣ ತೇಲ್ತಾ ಇದ್ರೆ ಯಾರಮ್ಮ ತಿಂತಾರೆ? ಯಾವನು ಮಾಡ್ತಿದಾನೋ ಅವನನ್ನ ಆಚೆಗೆ ಹಾಕು.”

ಅವಳು ಚಾಕುವನ್ನು ಹಾಕಿದಳು. ಹಿತ್ತಲಿನ ತಗಡಿನ ಮಾಡಿನ ಕೆಳಗೆ ಒಂದು ಬಕೆಟ್ಟು, ಒಂದು ಗಾಳಿಯ ಕೊಳವೆ. ಬೇರೆ ಕಡೆ ಜಾಗ ಹುಡುಕುವಷ್ಟು ಮರ್ಯಾದೆಗೆ ಆ ಕೊಲೆಗಡುಕ ಯೋಗ್ಯನಲ್ಲ ಎಂದುಕೊಂಡಳು. ಮೂರನೇ ಮಧ್ಯಾಹ್ನ ನೀರು ಬಿಸಿಯಾಗಿ ಅವನು ಬಕೆಟ್ಟಿನಲ್ಲೇ ಮಗುಚಿ ಬಿದ್ದಿದ್ದ. ‘ಪೀಡೆ ತೊಲಗಿತು’ ಎಂದು ಮರಳಿಗೆ ಎಸೆದಳು. ಬೆಕ್ಕು ಎಳೆದುಕೊಂಡು ಹೋಯಿತು.

ಎರಡು ದಿನ ಕಳೆದಿತ್ತು. ನಾಲ್ಕನೆಯದು ತೇಲಿತು, ಕಣ್ಣಿಲ್ಲದೆ.

ಈ ಸಲ ಲೂಸಿಮಾರ ಕೂಗಲಿಲ್ಲ. ಹತ್ತಿರ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದಳು: “ನೀನು ಯಾವಾಗ್ಲೂ ಸಿಗಡಿ ಹಿಡ್ಕೊಂಡೇ ಬರ್ತೀಯ ಅಕ್ಕಾ. ಊಟ ತಂದೋರ ಮುಂದೆ ಯಾರು ಕಚ್ತಾರೆ ಹೇಳು? ಸೋಮವಾರ ರಜಾ. ಖಾಲಿ ಕೈಯಲ್ಲಿ ಬಾ. ಅವನಿಗೆ ಕಾಣದ ಹಾಗೆ ಕೂತು ನೋಡು.”

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಓಜನೀರಾ ಈರುಳ್ಳಿ ಚೀಲಗಳ ಹಿಂದೆ ಕೂತಳು. ಲೂಸಿಮಾರಳ ಬಾಯಿ ಮುಚ್ಚಿಸಬೇಕೆಂಬ ಹಟವೊಂದೇ. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಬಿಷಪ್ ಕಲ್ಲಿನ ಹಿಂದಿನಿಂದ ಹೊರಟ. ಅವಸರವಿಲ್ಲ, ಕೋಪವಿಲ್ಲ. ಒಂದು ಪಟ್ಟೆಮೀನನ್ನು ಮೂಲೆಗೆ ನಿಧಾನವಾಗಿ ಒತ್ತಿಕೊಂಡು ಹೋದ, ತಲೆ ಓರೆ ಮಾಡಿದ, ಅವಳ ಬೆರಳ ತುದಿಯಿಂದ ಸಿಗಡಿ ತೆಗೆದುಕೊಳ್ಳುವಷ್ಟೇ ನಯವಾಗಿ ಅದರ ಒಂದು ಕಣ್ಣು ತೆಗೆದುಕೊಂಡ. ಹೊಟ್ಟೆಗಿಲ್ಲದೆ ಮಾಡಿದ್ದಲ್ಲ. ಹಿಂದಿನ ಸಂಜೆ ಅವನಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದವಳು ಅವಳೇ.

ಅವಳು ದಡಕ್ಕನೆ ಎದ್ದಳು. ಅವಳನ್ನು ಕಂಡದ್ದೇ ಬಿಷಪ್ ಕುಣಿಯುತ್ತ ಮೇಲೆ ಬಂದ, ನೀರಿನಾಚೆಗೆ ಮೂತಿ ಚಾಚಿದ. ಆ ಮೂತಿಯಲ್ಲಿ ಇನ್ನೂ ಏನೋ ನೂಲಿನಂತೆ ಜೋತಾಡುತ್ತಿತ್ತು. ಎಂಟು ವರ್ಷ ಆ ಬಾಯಿಗೆ ಕೊಟ್ಟ ಬೆರಳುಗಳನ್ನು ಲಂಗಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳು ಹಡೆದದ್ದೂ ಅಲ್ಲ, ಬರೀ ತಿನ್ನಿಸಿದ್ದು.

ಬಲೆ ತಂದಳು. ಬೇರೆ ಮೀನನ್ನು ಹಿಡಿಯಲು ಅರ್ಧ ದಿನ ಬೇಕು, ಕಲ್ಲೆಲ್ಲ ಎತ್ತಬೇಕು. ಬಿಷಪ್ ತಾನಾಗಿ ಬಲೆಯೊಳಗೆ ಬಂದ. ಅವಳ ಕೈಯಿಂದ ಅವನಿಗೆ ಕೆಟ್ಟದ್ದೇನೂ ಬಂದಿರಲಿಲ್ಲವಲ್ಲ.

ಗುಜರಿಯಿಂದ ತಂದ ಹಳೇ ಗಾಜಿನ ಪೆಟ್ಟಿಗೆಯೊಂದಕ್ಕೆ ಸಮುದ್ರದ ನೀರು ಹೊತ್ತು ತುಂಬಿ, ನೆರಳಿನ ಗೋಡೆಗೆ ಒತ್ತಿಟ್ಟು, ಅವನೊಬ್ಬನನ್ನೇ ಅದರಲ್ಲಿ ಬಿಟ್ಟಳು. ಚಾಕುವಿಗೂ ಅಷ್ಟು ಮಾಡುವುದು ಅವಳಿಗೇನೂ ಕಷ್ಟವಿರಲಿಲ್ಲ.

ಮಂಗಳವಾರ ಅಡೆರ್ಬಾಲ್ ಬಂದವನೇ ಕೇಳಿದ: “ಸಿಕ್ಕಿದ್ನಂತಲ್ಲ ಕೊಲೆಗಾರ? ನಿನ್ನ ಮುದ್ದಿನ ಬಿಷಪ್ಪೇ ಐದೂ ಮುಗಿಸಿದ್ದಾ?”

ಲೂಸಿಮಾರ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಓಜನೀರಾ ಗಾಜಿನ ಮೇಲಿನ ಎಣ್ಣೆ ಬೆರಳಚ್ಚು ಒರೆಸುತ್ತಲೇ ಇದ್ದಳು, ತಿರುಗಲಿಲ್ಲ. ಗಾಜಿನಾಚೆ ಆ ಪಟ್ಟೆಮೀನು ಉಳಿದ ಒಂದೇ ಕಣ್ಣಿನಲ್ಲಿ ಈಜುತ್ತಿತ್ತು.

“ಅವನು ನಾಲ್ಕು,” ಎಂದಳು. “ಚಾಕುನ ಕೊಂದಿದ್ದು ನಾನು.”