ಹಿಡಿಗಳ ಕೋಣೆಯ ಗೆನ್ಯಾ ಮ್ರೋಜ್

ವೆಂಡಲ್ ಫಾಲ್ಸ್‌ನ ಚಾಕು ಕಾರ್ಖಾನೆಯಲ್ಲಿ ಗೆನೊವೆಫಾ ಮ್ರೋಜ್, ಎಲ್ಲರ ಬಾಯಲ್ಲಿ ಗೆನ್ಯಾ, ಇಪ್ಪತ್ತಾರು ವರ್ಷ ದುಡಿದಳು. ಇಪ್ಪತ್ತೈದು ವರ್ಷ ಹಿಡಿಗಳ ಕೋಣೆಯಲ್ಲಿ, ಒಂದು ವರ್ಷ ಪ್ಯಾಕಿಂಗಿನಲ್ಲಿ. ಆ ಒಂದು ವರ್ಷ ಹೇಗೆ ಬಂತೆಂಬುದನ್ನು ಅವಳೇನೂ ಮುಚ್ಚಿಡಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೆ ಹೇಳುತ್ತಿರಲಿಲ್ಲ.

ಅವಳ ಅಪ್ಪ ಪೋಲೆಂಡಿನಿಂದ ಬಂದು ನದಿ ದಂಡೆಯ ಈರುಳ್ಳಿ ಹೊಲಗಳಲ್ಲಿ ಕೂಲಿ ಮಾಡಿ, ಹೊಲದಲ್ಲೇ ಸತ್ತವನು. ಗೆನ್ಯಾಗೆ ಹದಿನೇಳು ತುಂಬಿದ ವರ್ಷ ಅವಳ ತಾಯಿ ಕೈಹಿಡಿದು ಕಾರ್ಖಾನೆಯ ಬಾಗಿಲಿಗೆ ಕರೆತಂದು, "ಇವಳ ಬೆನ್ನು ಗಟ್ಟಿ ಇಲ್ಲ, ಕೈ ಗಟ್ಟಿ ಇದೆ" ಎಂದು ಬಿಟ್ಟುಹೋದಳು. ಹಿಡಿಗಳ ಕೋಣೆಯ ಮೇಸ್ತ್ರಿ ಹೊರೇಸ್ ಬಾರ್ಡ್‌ವೆಲ್ ಎಂಬ ಮುದುಕ ಅವಳ ಬೆರಳುಗಳನ್ನು ತಿರುಗಿಸಿ ನೋಡಿ ಒಂದು ಸ್ಟೂಲು ತೋರಿಸಿದ.

ಬೀಚ್ ಮರದ ಹಿಡಿ, ಸೇಬಿನ ಮರದ ಹಿಡಿ, ದುಬಾರಿ ಚಾಕುಗಳಿಗೆ ಬೀಟೆಯ ಹಿಡಿ. ಅಲಗಿಗೆ ಹಿತ್ತಾಳೆ ಮೊಳೆ ಬಡಿಸಿಕೊಂಡು ಅವು ಅವಳ ಮುಂದೆ ಬರುತ್ತಿದ್ದವು. ಮೊದಲು ಸ್ಯಾಂಡ್‌ಪೇಪರಿನಿಂದ ಉಜ್ಜುವುದು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಬಿಟ್ಟರೆ ನಯವಾದ ಮರದ ಮೇಲೆ ಚಳಿಗೆ ರೋಮ ಎದ್ದ ಹಾಗೆ ನಾರು ಏಳುತ್ತದೆ. ಒಣಗಿಸಿ ಮತ್ತೆ ಉಜ್ಜಬೇಕು. "ಇಲ್ಲೇ ಎಬ್ಬಿಸಿ ಇಲ್ಲೇ ಕತ್ತರಿಸಿಬಿಡು. ಇಲ್ಲದಿದ್ರೆ ಯಾರದೋ ಅಡಿಗೆಮನೆ ತೊಟ್ಟೀಲಿ ಏಳುತ್ತೆ, ಆಗ ಬೈಗುಳ ನಮಗೆ" ಎನ್ನುತ್ತಿದ್ದ ಹೊರೇಸ್. ಅದಾದ ಮೇಲೆ ಬೆಚ್ಚಗಿನ ಅಗಸೆ ಎಣ್ಣೆ. ಕುಡಿಯುವಷ್ಟು ಕುಡಿಯಲಿ ಎಂದು ಇಪ್ಪತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಒಂದು ಹನಿಯೂ ನಿಲ್ಲದ ಹಾಗೆ ಒರೆಸಿ ತೆಗೆಯಬೇಕು, ನಿಂತರೆ ಅಂಟಾಗುತ್ತದೆ. ಒಂದು ದಿನ ಒಣಗಿಸಿ ಮತ್ತೆ ಎಣ್ಣೆ, ಹೀಗೆ ನಾಲ್ಕು ಸಲ. ಹಿಡಿಯ ತುದಿಯಲ್ಲಿ ಮರದ ಬಾಯಿ ತೆರೆದಿರುವುದರಿಂದ ಅಲ್ಲಿಗೆ ಎರಡು ಪಾಲು. ಕೊನೆಗೆ ಜೇನುಮೇಣ.

ಇದರ ಜೊತೆಗೆ ಹೊರೇಸ್ ಇನ್ನೊಂದು ಪಾಠ ಹೇಳಿದ್ದ. ಸಂಜೆ ಮನೆಗೆ ಹೋಗುವ ಮುಂಚೆ ಎಣ್ಣೆ ಒರೆಸಿದ ಬಟ್ಟೆಗಳನ್ನೆಲ್ಲ ಹಿಂದಿನ ಅಂಗಳಕ್ಕೆ ಒಯ್ದು, ಕಬ್ಬಿಣದ ಕಂಬಿಯ ಮೇಲೆ ಒಂದೊಂದಾಗಿ ಹರವಬೇಕು. ಮುದ್ದೆ ಮಾಡಿ ಇಡಬಾರದು. ಯಾಕೆಂದು ಗೆನ್ಯಾ ಕೇಳಿದಾಗ, "ಅವು ಬಿಸಿಯಾಗ್ತಾವೆ" ಎಂದಷ್ಟೇ ಹೇಳಿ ಪೈಪು ಕಚ್ಚಿಕೊಂಡಿದ್ದ. ಹೊರೇಸ್ ತೀರಿಕೊಂಡ ಮೇಲೆ ಆ ಕೋಣೆಗೆ ಗೆನ್ಯಾಳೇ ಹಿರಿಯಳಾದಳು. ಅಷ್ಟರಲ್ಲಿ ಮದುವೆಯಾಗಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ತಾಯಿಯ ಜೊತೆ ಮತ್ತೆ ಹಳೆಯ ಮನೆಯಲ್ಲೇ ಇದ್ದಳು.

ಪಕ್ಕದ ಕೋಣೆ ಸಾಣೆಯವರದು. ಅಲ್ಲಿ ಎಮಿಲ್ ಗೋದ್ರೋ ಇದ್ದ. ಕೆನಡಾ ಕಡೆಯ ಫ್ರೆಂಚರವನು, ನಾಲ್ಕು ಮಕ್ಕಳ ತಂದೆ. ಅಲಗು ಮಸೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಮಾತು ಮಸೆಯುವುದರಲ್ಲೂ. ಬಾಗಿಲಿಗೆ ಒರಗಿ ನಿಂತು, "ಏನು ಎಣ್ಣೆ ಮೇಡಂ, ಸೌದೆಗೆ ತಲೆ ಬಾಚಿ ಆಯ್ತಾ?" ಎನ್ನುತ್ತಿದ್ದ.

"ನೀನು ಮಸೆದ ಅಲಗು ಬೆಣ್ಣೇನೂ ಅಪ್ಪಣೆ ಕೇಳಿ ಕೊಯ್ಯುತ್ತಂತೆ, ಮೊದ್ಲು ಅದನ್ನ ನೋಡ್ಕೋ" ಎನ್ನುತ್ತಿದ್ದಳು ಗೆನ್ಯಾ.

ಉಳಿದವರು ನಗುತ್ತಿದ್ದರು. ಅವರಿಬ್ಬರು ನಗುತ್ತಿರಲಿಲ್ಲ. ನಿಜಕ್ಕೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಅವಳ ಗಂಡ ಸತ್ತ ವಾರದಲ್ಲೂ ಎಮಿಲ್ ಆ 'ಎಣ್ಣೆ ಮೇಡಂ' ಬಿಟ್ಟಿರಲಿಲ್ಲ. ಅದನ್ನು ಗೆನ್ಯಾ ಮರೆತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂಬತ್ತರ ಅಕ್ಟೋಬರಿನ ಒಂದು ಶನಿವಾರ. ಅರ್ಧ ದಿನದ ಕೆಲಸ. ಮಧ್ಯಾಹ್ನ ಎರಡಕ್ಕೆ ಚರ್ಚಿನಲ್ಲಿ ಗೆನ್ಯಾಳ ಚಿಕ್ಕಪ್ಪನ ಮಗಳ ಮದುವೆ. ವಧುವಿನ ಪಕ್ಕದಲ್ಲಿ ಅವಳು ನಿಲ್ಲಬೇಕಿತ್ತು. ಹನ್ನೆರಡರ ಸೀಟಿ ಆದಾಗ ಕೈಯಲ್ಲಿ ಇನ್ನೂ ಎಣ್ಣೆ. ಒಂದು ಹೋಟೆಲಿಗೆ ಹೋಗಬೇಕಾದ ಚಾಕುಗಳ ಹಿಡಿಗಳನ್ನು ಒರೆಸಿ ಮುಗಿಸುವ ಹೊತ್ತಿಗೆ ಹನ್ನೆರಡೂವರೆ. ಸ್ನಾನವಾಗಬೇಕು, ಕೂದಲು ಕಟ್ಟಬೇಕು. ಒರೆಸಿದ ಬಟ್ಟೆಗಳನ್ನೆಲ್ಲ ಬಾಚಿ, ಬೆಂಚಿನ ಕೆಳಗೆ, ಕೋಣೆ ಬೆಚ್ಚಗಿಡುವ ಹಬೆ ಕೊಳವೆಯ ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ತುರುಕಿ ಓಡಿದಳು.

ಐದು ಗಂಟೆಗೆ ಕಾವಲಿನವನು ಹಿಡಿಗಳ ಕೋಣೆಯ ಕಿಟಕಿಯಲ್ಲಿ ಹೊಗೆ ಕಂಡ. ಬೆಂಕಿ ಪಂಪಿನವರು ಬಂದು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಎರಡು ಬೆಂಚು, ನೆಲದ ಹಲಗೆ, ಒಣಗಲು ಇಟ್ಟಿದ್ದ ಐದು ಸಾವಿರ ಹಿಡಿಗಳು ಹೋದವು. ಮದುವೆಯ ಊಟದ ಮಧ್ಯೆ ಸುದ್ದಿ ಬಂತು. ಗೆನ್ಯಾ ತಟ್ಟೆಯಲ್ಲಿದ್ದ ಎಲೆಕೋಸಿನ ಸುರುಳಿಯನ್ನು ಹಾಗೇ ಬಿಟ್ಟಳು.

ಸೋಮವಾರ ಕೆಲಸಕ್ಕೆ ಬಂದಾಗ ಎಮಿಲ್‌ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿಯಾಗಿತ್ತು. ಶನಿವಾರ ಮಧ್ಯಾಹ್ನ ಅವನು ಆ ಕೋಣೆಯ ಹಿಂಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದುದನ್ನು ಇಬ್ಬರು ನೋಡಿದ್ದರು. ಒಳಗೆ ಸೇದಬಾರದೆಂದು ಮುಂಚೆ ಎರಡು ಸಲ ಎಚ್ಚರಿಸಲಾಗಿತ್ತು. "ಸೇದಿದ್ದು ಹೌದು, ಹೊರಗೆ ನಿಂತು ಸೇದಿದೆ, ಕಾಲಲ್ಲಿ ಹೊಸಕಿದೆ" ಎಂದು ಅವನು ಹೇಳಿದ್ದನ್ನು ಸೂಪರಿಂಟೆಂಡೆಂಟ್ ಪ್ರೆಂಟಿಸ್ ನಂಬಲಿಲ್ಲ. ಪ್ರೆಂಟಿಸ್ ಆರು ತಿಂಗಳ ಹಿಂದೆ ಪಟ್ಟಣದ ಆಫೀಸಿನಿಂದ ಬಂದವನು; ಕೆಟ್ಟವನಲ್ಲ, ಆದರೆ ಮರವನ್ನೂ ಎಣ್ಣೆಯನ್ನೂ ಕಾಗದದ ಮೇಲಷ್ಟೇ ಕಂಡವನು.

ಸುಟ್ಟ ಕೋಣೆಯಲ್ಲಿ ಗೆನ್ಯಾ ನಿಂತು ನೋಡಿದಳು. ಬೆಂಕಿ ಹಿಂಬಾಗಿಲ ಹತ್ತಿರ ಹುಟ್ಟಿರಲಿಲ್ಲ. ತನ್ನ ಬೆಂಚಿನ ಕೆಳಗೆ ಹಲಗೆ ತೂತಾಗಿ ಕೆಳಗಿನ ಮಣ್ಣು ಕಾಣುತ್ತಿತ್ತು. ಸುತ್ತ ಇದ್ದವರು ಎಮಿಲ್‌ನ ಸಿಗರೇಟಿನ ವಿಷಯ ಮಾತಾಡುತ್ತಿದ್ದರು. ಅವಳು ಬಾಯಿ ತೆರೆಯಲಿಲ್ಲ. ಸೋಮವಾರ ತೆರೆಯಲಿಲ್ಲ, ಮಂಗಳವಾರವೂ ತೆರೆಯಲಿಲ್ಲ.

ಮಂಗಳವಾರ ಸಂಜೆ ಬೀಟ್‌ರೂಟ್ ಸಾರು ಬಡಿಸುತ್ತ ತಾಯಿ ಕೇಳಿದಳು: "ಎರಡು ದಿನದಿಂದ ಚಮಚ ಆಡಿಸ್ತಾ ಕೂತಿದೀಯ. ಏನದು?"

ಗೆನ್ಯಾ ಹೇಳಿದಳು. ತಾಯಿ ಪೂರ್ತಿ ಕೇಳಿದಳು.

"ಆ ಫ್ರೆಂಚ್‌ನವನು ನಿನ್ನ ಆಡಿಕೊಳ್ಳೋನೇ ಅಲ್ವಾ?"

"ಹೂಂ."

"ಒಳ್ಳೇ ಮನುಷ್ಯ ಆಗಿದ್ರೆ ಸೋಮವಾರಾನೇ ಹೇಳಿರ್ತಿದ್ದೆ ನೀನು."

ಗೆನ್ಯಾ ಚಮಚವನ್ನು ಬಟ್ಟಲಿನ ಪಕ್ಕಕ್ಕಿಟ್ಟಳು.

"ಹಾಗಾದ್ರೆ ಬುಧವಾರ ಹೇಳು. ಸಾರು ಆರ್ತಿದೆ, ಕುಡಿ" ಎಂದಳು ತಾಯಿ.

ಬುಧವಾರ ಬೆಳಿಗ್ಗೆ ಗೆನ್ಯಾ ಪ್ರೆಂಟಿಸ್‌ನ ಮೇಜಿನ ಮುಂದೆ ನಿಂತಳು. "ಸಾರ್, ಬೆಂಕಿ ನನ್ನಿಂದ ಆಗಿದ್ದು. ಬಟ್ಟೆ ಹರವದೆ ಪೆಟ್ಟಿಗೇಲಿ ತುಂಬಿ ಹೋಗಿಬಿಟ್ಟೆ."

"ಬೆಂಕಿಕಡ್ಡಿ ಏನಾದ್ರೂ ಗೀರಿದ್ರಾ?"

"ಇಲ್ಲ."

"ಮತ್ತೆ? ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತಾ ಮಿಸೆಸ್ ಮ್ರೋಜ್?"

"ಬಿಸಿಯಾಗುತ್ತೆ ಅಂತ ಹೊರೇಸ್ ಹೇಳಿದ್ರು. ಹೊತ್ತಿಕೊಂಡಿದ್ದನ್ನ ನಾನೂ ನೋಡಿಲ್ಲ. ತೋರಿಸೋಕೆ ಅಪ್ಪಣೆ ಕೊಡಿ."

ಪ್ರೆಂಟಿಸ್‌ಗೆ ಕುತೂಹಲವಾಯಿತೋ ಕನಿಕರವಾಯಿತೋ, ಒಪ್ಪಿದ. ಅಂಗಳದ ಮಧ್ಯೆ ಒಂದು ಕಬ್ಬಿಣದ ಬಕೆಟ್ಟಿನಲ್ಲಿ ಎಣ್ಣೆ ಬಟ್ಟೆ ತುಂಬಿಟ್ಟಳು. ಅಂದು ಉತ್ತರದ ಗಾಳಿ. ಸೀಟಿಯ ಹೊತ್ತಿಗೆಲ್ಲ ಜನ ಬಂದು ಬಕೆಟ್ಟನ್ನು ಬಗ್ಗಿ ನೋಡಿ ಹೋದರು. "ಮೊಟ್ಟೆ ಒಡೆದು ಹಾಕಲಾ ಗೆನ್ಯಾ, ಬೇಯುತ್ತಾ?" ಎಂದ ಒಬ್ಬ. ಸಂಜೆ ಕೈಯಿಟ್ಟು ನೋಡಿದರೆ ಬಟ್ಟೆ ತಣ್ಣಗಿತ್ತು, ಹೊಳೆಯ ಮೀನಿನ ಹಾಗೆ.

ಪ್ರೆಂಟಿಸ್ ಕೋಟು ಹಾಕಿಕೊಳ್ಳುತ್ತ ಮೆಲ್ಲಗೆ ಹೇಳಿದ: "ನಿಮ್ಮ ಒಳ್ಳೇ ಮನಸ್ಸು ನನಗೆ ಅರ್ಥವಾಯ್ತು. ನಾಲ್ಕು ಮಕ್ಕಳಿರೋ ಮನುಷ್ಯ ಅಂತ ಮರುಗಿದ್ದೀರಿ. ಆದ್ರೆ ತಪ್ಪು ನಿಮ್ಮದಲ್ಲ. ಹೋಗಿ, ಮನೆಗೆ ಹೋಗಿ."

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿದೆ, ನಂಬದಿದ್ದದ್ದು ಅವರ ಪಾಡು. ಮನೆಯ ದಾರಿಯುದ್ದಕ್ಕೂ ಗೆನ್ಯಾ ಇದನ್ನೇ ತನಗೆ ತಾನು ಹೇಳಿಕೊಂಡಳು, ಅದರಿಂದ ಸ್ವಲ್ಪ ಹಗುರವೂ ಆಯಿತು. ಸೇತುವೆಯ ಹತ್ತಿರ ಎಮಿಲ್‌ನ ಹೆಂಡತಿ ಲಾರೆಟ್ ಎದುರಾದಳು. ಒಂದು ಕೈಯಲ್ಲಿ ಆಲೂಗಡ್ಡೆ ಚೀಲ, ಇನ್ನೊಂದು ಕೈಯಲ್ಲಿ ಚಿಕ್ಕ ಮಗು. ತಲೆಬಾಗಿಸಿ ವಂದಿಸಿ ಹೋದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಮುಖ ತಿರುಗಿಸಿ ಹೋಗಿದ್ದರೆ ಚೆನ್ನಾಗಿತ್ತು ಎನಿಸಿತು ಗೆನ್ಯಾಗೆ. ಅಂದು ಹಾಸಿಗೆಯಲ್ಲಿ ಮಲಗಿ, ಬಕೆಟ್ಟಿಗೂ ಪೆಟ್ಟಿಗೆಗೂ ಏನು ವ್ಯತ್ಯಾಸ ಎಂದು ಯೋಚಿಸಿದಳು. ಕಬ್ಬಿಣ ಶಾಖವನ್ನು ಬಿಟ್ಟುಕೊಡುತ್ತದೆ, ರಟ್ಟು ಬಿಟ್ಟುಕೊಡುವುದಿಲ್ಲ. ಅಂಗಳದಲ್ಲಿ ಗಾಳಿಯಿತ್ತು, ಬೆಂಚಿನ ಕೆಳಗೆ ಹಬೆ ಕೊಳವೆಯಿತ್ತು. ಚಳಿಯಲ್ಲಿ ಕಂಬಳಿ ಹೊದಿಸದೆ ಹಿಟ್ಟು ಹುದುಗಲಿಲ್ಲ ಎಂದರೆ ಹಿಟ್ಟಿನ ತಪ್ಪೇ?

ಗುರುವಾರ ಮತ್ತೆ ಮೇಜಿನ ಮುಂದೆ ನಿಂತಳು.

"ಇನ್ನೂ ಮುಗಿದಿಲ್ವಾ?" ಎಂದ ಪ್ರೆಂಟಿಸ್.

"ನಿನ್ನೆ ನಾನು ಮಾಡಿದ್ದು ತಪ್ಪು ಸಾರ್. ಶನಿವಾರ ಹೇಗಿತ್ತೋ ಹಾಗೇ ಇಡ್ತೀನಿ. ಇನ್ನೊಂದು ದಿನ."

ಬಾಯ್ಲರ್ ಮನೆಯ ಇಟ್ಟಿಗೆ ನೆಲದ ಮೇಲೆ, ಹಬೆ ಕೊಳವೆಗೆ ಒಂದು ಗೇಣು ದೂರದಲ್ಲಿ ರಟ್ಟಿನ ಪೆಟ್ಟಿಗೆಯಿಟ್ಟಳು. ಶನಿವಾರ ಒರೆಸಿದ್ದಷ್ಟೇ ಬಟ್ಟೆಗಳನ್ನು ಎಣಿಸಿ, ಅದೇ ಅಗಸೆ ಎಣ್ಣೆಯಲ್ಲಿ ನೆನೆಸಿ, ಹಿಂಡಿ ತುರುಕಿದಳು. ಪಕ್ಕದಲ್ಲಿ ಮರಳು, ನೀರು. ಹನ್ನೆರಡೂವರೆಗೆ ಇಟ್ಟದ್ದು. ಈ ಸಲ ನಗುವವರೂ ಬರಲಿಲ್ಲ; ನಿನ್ನೆಯದೇ ಸಾಕಾಗಿತ್ತು. ಒಂದು ಗಂಟೆ, ಎರಡು. ಎರಡೂವರೆಗೆ ಹುರಿದ ಕಾಳು ಸೀದಂಥ ವಾಸನೆ ಬಂತು. ಬಾಯ್ಲರಿನವನು ಪೆಟ್ಟಿಗೆಯ ಮೇಲೆ ಕೈ ಹಿಡಿದು ಹಿಂದಕ್ಕೆಳೆದುಕೊಂಡ. ಅವನೇ ಹೋಗಿ ಪ್ರೆಂಟಿಸ್‌ನನ್ನು ಕರೆತಂದ. ಮೂರೂಕಾಲಿಗೆ ಹೊಗೆ, ಮೊದಲು ನೂಲಿನಷ್ಟು, ಆಮೇಲೆ ಹಗ್ಗದಷ್ಟು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ರಟ್ಟಿನ ಒಂದು ಮೂಲೆ ಕಂದಾಗಿ, ತೂತಾಗಿ, ಒಳಗಿನಿಂದ ಕೆಂಪು ನಾಲಿಗೆ ಹೊರಬಂತು. ಬಾಗಿಲಲ್ಲಿ ಆಗ ನಲವತ್ತು ಜನ ನಿಂತಿದ್ದರು. ಗೆನ್ಯಾಳೇ ಮರಳು ಸುರಿದಳು.

ಪ್ರೆಂಟಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನಗೆ ಗೊತ್ತಿರಲಿಲ್ಲ" ಎಂದ.

"ನನಗೂ ಇಷ್ಟು ಗೊತ್ತಿರಲಿಲ್ಲ ಸಾರ್" ಎಂದಳು.

ಶುಕ್ರವಾರ ಎಮಿಲ್ ಸಾಣೆಗೆ ಮರಳಿದ. ಅದೇ ದಿನ ಗೆನ್ಯಾಳನ್ನು ಹಿಡಿಗಳ ಕೋಣೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ನ್ಯಾಯವೇ ಎಂದುಕೊಂಡಳು. ಎಮಿಲ್ ಅವಳ ಮೇಜಿನ ಹತ್ತಿರ ಬಂದು, ಚಾಕುಗಳಿಗೆ ಕಾಗದ ಸುತ್ತುತ್ತಿದ್ದ ಅವಳ ಕೈ ನೋಡುತ್ತ ನಿಂತ.

"ನನ್ನ ಕೆಲಸ ಕಳೆದಿದ್ದು ನೀನು" ಎಂದ.

"ಹೌದು."

"ಕೊಡಿಸಿದ್ದೂ ನೀನೇ."

"ಹೌದು."

"ಹಾಗಾದ್ರೆ ಥ್ಯಾಂಕ್ಸ್ ಹೇಳೋದೂ ಬೇಡ, ಬೈಯೋದೂ ಬೇಡ."

"ಬೇಡ" ಎಂದಳು ಗೆನ್ಯಾ. ಅವನು ಹೋದ. ಅಂದಿನಿಂದ 'ಎಣ್ಣೆ ಮೇಡಂ' ಎನ್ನಲಿಲ್ಲ, ಬೇರೇನೂ ಅನ್ನಲಿಲ್ಲ. ವರ್ಷಗಟ್ಟಲೆ ತಲೆಯಾಡಿಸಿ ಹೋಗುವುದಷ್ಟೇ.

ಹಿಡಿಗಳ ಕೋಣೆಯಲ್ಲಿ ಅವಳ ಜಾಗಕ್ಕೆ ಬಂದವರು ಆತುರದವರು. ನಾಲ್ಕು ಸಲದ ಎಣ್ಣೆ ಎರಡಕ್ಕಿಳಿಯಿತು. ಆಮೇಲೆ ಎಣ್ಣೆಯೇ ಬೇಡ, ಹೊಳಪಿನ ವಾರ್ನಿಶ್ ಬಳಿದರಾಯಿತು ಎಂದಾಯಿತು. ಅಂಗಡಿಯಲ್ಲಿ ಕನ್ನಡಿಯಂತೆ ಮಿರುಗಿದ ಹಿಡಿಗಳು ಹೋಟೆಲಿನ ತೊಟ್ಟಿಗಳಲ್ಲಿ ಮೂರು ತಿಂಗಳಿಗೆ ಸಿಪ್ಪೆ ಸುಲಿದವು. ಸುಲಿದ ಕಡೆ ನೀರು ಇಳಿದು ಮರ ಕಪ್ಪಾಗಿ, ಮೊಳೆಯ ಸುತ್ತ ಬಿರಿಯಿತು. ಪೆಟ್ಟಿಗೆ ಪೆಟ್ಟಿಗೆ ವಾಪಸ್ ಬಂದ ಚಾಕುಗಳನ್ನು ಪ್ಯಾಕಿಂಗಿನಲ್ಲಿ ಬಿಚ್ಚಬೇಕಾದವಳು ಗೆನ್ಯಾಳೇ. ವರ್ಷ ತುಂಬುವುದರೊಳಗೆ ಪ್ರೆಂಟಿಸ್ ತಾನೇ ಬಂದು, "ನಿಮ್ಮ ಸ್ಟೂಲು ಅಲ್ಲೇ ಇದೆ" ಎಂದ.

"ಎಣ್ಣೆ ಬಟ್ಟೆ ಹಾಕೋಕೆ ಮುಚ್ಚಳ ಇರೋ ತಗಡಿನ ಡಬ್ಬ ಬೇಕು. ಅದರಲ್ಲಿ ನೀರಿರಬೇಕು. ಹಿಂದಿನ ಕಂಬಿ ಜೊತೆಗೆ ಇನ್ನೊಂದು ಕಂಬಿ ಬೇಕು. ಮತ್ತೆ, ಯಾಕೆ ಅಂತ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಹೊರೇಸ್ ಹೇಳಿದ ಹಾಗೆ ಅರ್ಧ ಹೇಳಿದ್ರೆ ಸಾಲದು" ಎಂದಳು. ಬರೆಸಿದರು.

ಅರವತ್ತನಾಲ್ಕರಲ್ಲಿ ಕಾರ್ಖಾನೆ ಮುಚ್ಚಿತು. ಗೆನ್ಯಾ ಶಾಲೆಯ ಅಡಿಗೆಮನೆಯಲ್ಲಿ ಕೆಲಸ ಹಿಡಿದಳು. ಮನೆಯಲ್ಲಿ ನೆರೆಹೊರೆಯವರ ಚಾಕುಗಳನ್ನು ನೋಡಿಕೊಡುತ್ತಿದ್ದಳು. ಬರುವವರಿಗೆಲ್ಲ ಒಂದೇ ಮಾತು: "ತೊಟ್ಟೀಲಿ ನೆನೆಸಬೇಡಿ, ತೊಳೆದ ತಕ್ಷಣ ಒರೆಸಿ, ಹಿಡಿ ಬಿಳಿಚಿಕೊಂಡ ಹಾಗೆ ಕಂಡ್ರೆ ಎಣ್ಣೆ ಕೇಳ್ತಿದೆ ಅಂತ ತಿಳ್ಕೊಳ್ಳಿ." ಎಮಿಲ್ ಎಪ್ಪತ್ತೆರಡರ ಚಳಿಗಾಲದಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ; ಸಾಣೆಯ ಧೂಳು ಕುಡಿದವರು ಹೋಗುವುದು ಹೆಚ್ಚಾಗಿ ಹಾಗೆಯೇ. ಗೆನ್ಯಾ ಫ್ರೆಂಚರ ಚರ್ಚಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತು ಬಂದಳು.

ವಸಂತದಲ್ಲಿ ಲಾರೆಟ್ ಬಂದಳು. ಟವೆಲಿನಲ್ಲಿ ಸುತ್ತಿದ ಒಂದು ಚಾಕು. ಎಮಿಲ್ ಮನೆಗೆಂದು ಮಸೆದದ್ದು; ವರ್ಷ ವರ್ಷ ಮಸೆದು ಅಲಗು ವಿಲೋ ಮರದ ಎಲೆಯಷ್ಟು ಕಿರಿದಾಗಿತ್ತು. ಹಿಡಿ ಸೀಳಿತ್ತು.

"ಹೊಸ ಚಾಕು ತಗೋ ಅಂತಾರೆ ಮಕ್ಕಳು" ಎಂದಳು ಲಾರೆಟ್. "ನಿಮ್ಮ ಕೈಲಿ ಆಗುತ್ತಾ ಮಿಸೆಸ್ ಮ್ರೋಜ್?"

"ಮೂರು ವಾರ ಹಿಡಿಯುತ್ತೆ. ಆತುರ ಮಾಡಬಾರದು."

ಸೇಬಿನ ಮರದ ತುಂಡೊಂದನ್ನು ಕೂರಿಸಿ, ನಾರು ಎಬ್ಬಿಸಿ ಉಜ್ಜಿ, ನಾಲ್ಕು ಸಲ ಎಣ್ಣೆ, ತುದಿಗೆ ಎಂಟು ಸಲ. ತಾನೇ ಕೊಟ್ಟುಬರಲು ಹೋದಳು. ಅಷ್ಟು ವರ್ಷಗಳಲ್ಲಿ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಲಾರೆಟ್ ಚಾಕುವನ್ನು ಕೈಯಲ್ಲಿ ಎರಡು ಸಲ ತಿರುಗಿಸಿ, ಅದರಲ್ಲೇ ಈರುಳ್ಳಿ ಹೆಚ್ಚಿ ಒಲೆಯ ಮೇಲಿದ್ದ ಬಟಾಣಿ ಸಾರಿಗೆ ಹಾಕಿದಳು. ಆಮೇಲೆ ಎರಡು ಬಟ್ಟಲು ಇಟ್ಟಳು.

"ಹೇಗಿದೆ?" ಎಂದು ಕೇಳಿದಳು.

"ಉಪ್ಪು ಕಡಿಮೆ" ಎಂದಳು ಗೆನ್ಯಾ.

ಲಾರೆಟ್ ನಗುತ್ತ ಉಪ್ಪಿನ ಡಬ್ಬಿಯನ್ನು ಅವಳ ಕಡೆ ತಳ್ಳಿದಳು.